ಗಾಡಿಯನ್ನು ಎತ್ತರಿಸಿದ್ದು

ಯಂತ್ರಗಳ ವಿಷಯವಾಗಿ ಬರೆಯುವುದಕ್ಕೆ ನನಗೆ ಅಧಿಕಾರವೇನೂ ಇಲ್ಲ. ಹಾಸನದ ಒಂದು ಪ್ರೌಢಶಾಲೆಯಲ್ಲಿ ಹುಡುಗರಿಗೆ ಗಣಿತವನ್ನು ಹೇಳಿಕೊಡುವುದು ನನ್ನ ಕಸುಬು. ಕೈಗೆ ಮಸಿ ಹತ್ತಿಸಿಕೊಳ್ಳುವುದು ಸೀಮೆಸುಣ್ಣದ ಧೂಳಿಗಿಂತ ಹಿತವೆಂದು ನನಗೆ ತೋರಿದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ. ಆ ವಯಸ್ಸಿನಲ್ಲಿ ಕೆಲವರಿಗೆ ವೇದಾಂತ ಹಿಡಿಯುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ ಹಿಡಿಯುತ್ತದೆ. ನನಗೆ ನಮ್ಮ ತಂದೆಯವರ ಹಳೆಯ ಜಿಪ್ಸಿ ಗಾಡಿಯ ಹುಚ್ಚು ಹಿಡಿಯಿತು. ಅದರಿಂದ ಆದ ಅನಾಹುತವನ್ನು, ಅಥವಾ ಆಗದೆ ತಪ್ಪಿದ ಅನಾಹುತವನ್ನು, ಮನೆಮಂದಿ ಓದುವ ಈ ಪುಟಗಳಲ್ಲಿ ಹೇಳಿಕೊಳ್ಳುವುದಕ್ಕೆ ಮನೆಯಾಕೆಯ ಒಪ್ಪಿಗೆಯನ್ನು ಪಡೆದಿದ್ದೇನೆ. ಆಕೆ ಹಾಕಿದ ನಿಬಂಧನೆ ಒಂದೇ: "ನಡೆದದ್ದನ್ನು ನಡೆದ ಹಾಗೆ ಬರೆಯಿರಿ."

ಜಿಪ್ಸಿಯನ್ನು ಕಾಣದವರು ನಮ್ಮ ದೇಶದಲ್ಲಿ ಕಡಮೆ. 1985ರಲ್ಲಿ ಮೊದಲು ಬೀದಿಗೆ ಬಂದ ಈ ಗಾಡಿ ಪೋಲೀಸರಲ್ಲಿಯೂ ಸೈನ್ಯದಲ್ಲಿಯೂ ಬಹುಕಾಲ ದುಡಿದಿದೆ. ನಮ್ಮದು 1998ರಲ್ಲಿ ತಯಾರಾದದ್ದು, 1298 ಸಿ.ಸಿ.ಯ ಪೆಟ್ರೋಲ್ ಎಂಜಿನ್ನು, ಕಾರ್ಬ್ಯುರೇಟರು, ನಾಲ್ಕು ಮೂಲೆಗಳಲ್ಲಿಯೂ ಎತ್ತಿನ ಗಾಡಿಗೆ ಹಾಕಬಹುದಾದಂಥ ಉಕ್ಕಿನ ಪಟ್ಟಾಗಳು. ಸಾಮಾನ್ಯ ದಾರಿಯಲ್ಲಿ ಹಿಂದಿನ ಎರಡು ಚಕ್ರಗಳು ಮಾತ್ರ ಎಳೆಯುತ್ತವೆ. ಬೇಕೆಂದಾಗ ಇನ್ನೊಂದು ಚಿಕ್ಕ ಹಿಡಿಯನ್ನು ಎಳೆದರೆ ಮುಂದಿನ ಎರಡೂ ಕೆಲಸಕ್ಕೆ ನಿಲ್ಲುತ್ತವೆ. ಅದನ್ನು ಮತ್ತೂ ಒಂದು ಸ್ಥಾನಕ್ಕೆ ಸರಿಸಿದರೆ ಗಾಡಿ ಬಸುರಿ ಎಮ್ಮೆಯ ಹಾಗೆ ನಿಧಾನವಾಗಿಯೂ ಬಲವಾಗಿಯೂ ನಡೆಯುತ್ತದೆ. ಈ ಸ್ಥಾನಕ್ಕೆ ತಂದೆಯವರು "ಸಣ್ಣ ಗೇರು" ಎನ್ನುತ್ತಿದ್ದರು. ಮುಂದೆ ಈ ಸಣ್ಣ ಗೇರಿನ ಪ್ರಸ್ತಾಪ ಬರುವುದರಿಂದ ವಾಚಕರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ.

ನಮ್ಮ ಹಿರಿಯರ ಮನೆ ಇರುವುದು ಸಕಲೇಶಪುರದ ತಾಲ್ಲೂಕಿನಲ್ಲಿ. ಡಾಮರು ರಸ್ತೆಯಿಂದ ಎರಡು ಮೈಲಿ ಒಳಗೆ, ಒಂದು ಹಳ್ಳವನ್ನು ದಾಟಿ, ಕಾಫಿ ತೋಟಗಳ ನಡುವೆ ಗುಡ್ಡವನ್ನು ಹತ್ತಬೇಕು. ಒಂದು ಕಡೆ ದರೆ, ಇನ್ನೊಂದು ಕಡೆ ಇಳಿಜಾರು. ಮಳೆಗಾಲದಲ್ಲಿ ಆ ಕೆಂಪು ಮಣ್ಣು ಬೆಣ್ಣೆಯಾಗುತ್ತದೆ. ತಂದೆಯವರು 2004ರಲ್ಲಿ ಈ ಗಾಡಿಯನ್ನು ಎರಡನೆಯ ಕೈಯಿಂದ ಕೊಂಡುಕೊಂಡು ಹದಿನೈದು ವರ್ಷ ಆ ದಾರಿಯಲ್ಲಿ ಓಡಿಸಿದರು. ಗಾಡಿಗೆ ಅವರು ಹೊಸದಾಗಿ ಸೇರಿಸಿದ್ದು ಏನೂ ಇಲ್ಲ, ಹಿಂದಿನ ಸೀಟಿನ ಕೆಳಗೆ ಒಂದು ಗುದ್ದಲಿ ಮತ್ತು ಒಂದು ಕತ್ತಿಯನ್ನು ಬಿಟ್ಟರೆ. ಪ್ರತಿ ವರ್ಷ ಮೇ ತಿಂಗಳಿನಲ್ಲಿ ಎರಡು ಆಳುಗಳನ್ನು ಕರೆದುಕೊಂಡು ದಾರಿಗೆ ಅಡ್ಡಲಾಗಿ ಓರೆಯ ಚರಂಡಿಗಳನ್ನು ತೋಡಿಸುತ್ತಿದ್ದರು. ಮಳೆಯ ನೀರು ದಾರಿಯುದ್ದಕ್ಕೂ ಹರಿದು ಕೊರಕಲು ಮಾಡದೆ ಅಲ್ಲಲ್ಲಿಯೇ ಪಕ್ಕಕ್ಕೆ ಇಳಿದುಹೋಗುತ್ತಿತ್ತು. ಹೆಚ್ಚು ಜಾರುವ ದಿನಗಳಲ್ಲಿ ಹಳ್ಳದ ಬಳಿ ನಿಲ್ಲಿಸಿ ಟೈರುಗಳ ಗಾಳಿಯನ್ನು ಸ್ವಲ್ಪ ಬಿಡುವರು. ಗಾಳಿ ಇಳಿದ ಟೈರು ನೆಲದ ಮೇಲೆ ಉದ್ದವಾಗಿ ಹರಡಿಕೊಂಡು ಹಿಡಿತ ಹೆಚ್ಚುತ್ತದೆ. ಇದೆಲ್ಲವನ್ನೂ ನಾನು ಕಂಡಿದ್ದೆನು. ಆದರೆ ಕಂಡದ್ದಕ್ಕೂ ಕಲಿತದ್ದಕ್ಕೂ ಇರುವ ಅಂತರ ನಮ್ಮ ಶಾಲೆಯ ಪರೀಕ್ಷೆಗಳಲ್ಲಿ ವರ್ಷವರ್ಷವೂ ಬೆಳಕಿಗೆ ಬರುವಂಥದು.

2019ರಲ್ಲಿ ತಂದೆಯವರು ತೀರಿಕೊಂಡರು. ಮನೆಯಲ್ಲಿ ತಾಯಿಯೂ ಅಣ್ಣನೂ ಉಳಿದರು. ಅಣ್ಣನಿಗೆ ಮೋಟಾರು ಸೈಕಲ್ಲೇ ಸಾಕಾದ್ದರಿಂದ ಗಾಡಿ ಹಾಸನಕ್ಕೆ ಬಂದು ನಮ್ಮ ಹಿತ್ತಲಿನ ನುಗ್ಗೆಯ ಮರದ ಕೆಳಗೆ ನಿಂತಿತು. ದಾರಿಯ ಚರಂಡಿಗಳನ್ನು ತೋಡಿಸುವವರು ಇಲ್ಲವಾಗಿ ಎರಡು ಮಳೆಗಾಲಗಳಲ್ಲಿ ಅದು ಹಳ್ಳದ ತಮ್ಮನಂತಾಯಿತು. ಇಂಥ ದಾರಿಗೆ ಇಂಥ ಗಾಡಿ ಸಾಲದೆಂದು ನನಗೆ ನಿಶ್ಚಯವಾಯಿತು. ಕಾಡುದಾರಿಗಳಲ್ಲಿ ಓಡಿಸುವ ಶೋಕಿಯವರ ಗಾಡಿಗಳನ್ನು ಮೊಬೈಲಿನ ಪರದೆಯಲ್ಲಿ ರಾತ್ರಿಯೆಲ್ಲ ನೋಡಿದೆನು. ಅವುಗಳೆಲ್ಲ ಒಂಟೆಗಳಂತೆ ಎತ್ತರ; ಟೈರುಗಳೋ, ರೋಡು ಒತ್ತುವ ಎಂಜಿನ್ನಿನವು. ತಾಯಿಯನ್ನು ನೋಡಿ ಬರುವುದಕ್ಕೆ ಗಾಡಿ ಬೇಕೆಂಬುದು ನಾನು ಮನೆಯಲ್ಲಿ ಕೊಟ್ಟ ಕಾರಣ. ಅದು ಸುಳ್ಳಲ್ಲ. ಆದರೆ ಆ ಒಂಟೆಗಳಲ್ಲಿ ಒಂದರ ಮೇಲೆ ಕುಳಿತು ಊರಿನ ಬೀದಿಯಲ್ಲಿ ಬರಬೇಕೆಂಬ ಆಸೆಯೂ ಇದ್ದಿತೆಂಬುದನ್ನು ಮುಚ್ಚಿಡಲಾರೆನು. ಮನೆಯಾಕೆ ಕೇಳಿದಳು: "ಮಾವನವರು ಹೋಗಿಬರುತ್ತಿದ್ದರಲ್ಲ, ಇದೇ ಗಾಡಿಯಲ್ಲಿ?" ನಾನು ಕಾಲ ಬದಲಾಯಿತೆಂದು ಏನೋ ಹೇಳಿದೆನು.

ಕೆಲಸ ಪ್ರಾರಂಭವಾದದ್ದು 2021ರ ಬೇಸಗೆಯಲ್ಲಿ. ಮೊದಲಿನ ಒಂದು ತಿಂಗಳು ತುಕ್ಕಿನ ಪಾಲಾಯಿತು. ಇಪ್ಪತ್ತು ಮಳೆಗಾಲಗಳನ್ನು ಕಂಡ ತಗಡು. ಚಾಲಕನ ಕಾಲ ಕೆಳಗಿನ ಚಾಪೆಯನ್ನು ಎತ್ತಿದರೆ ಹಿತ್ತಲಿನ ನೆಲ ಕಾಣುತ್ತಿತ್ತು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಿಸಿದೆನು. ಆ ಕೆಲಸ ಒಂದರಲ್ಲಿ ನನ್ನ ತಪ್ಪೇನೂ ಇಲ್ಲ. ಆಮೇಲೆ ಎತ್ತರಿಸುವ ಕೆಲಸ. ಪಟ್ಟಾವನ್ನು ಗಾಡಿಯ ಚೌಕಟ್ಟಿಗೆ ತೂಗುಹಾಕುವ ಶ್ಯಾಕಲ್ ಎಂಬ ಉಕ್ಕಿನ ಜೋಡಿ ಪಟ್ಟಿಗಳಿವೆಯಷ್ಟೆ. ಅವನ್ನು ಎರಡು ಅಂಗುಲ ಉದ್ದ ಮಾಡಿದರೆ ಗಾಡಿ ಒಂದು ಅಂಗುಲ ಏಳುತ್ತದೆ, ಏಕೆಂದರೆ ಪಟ್ಟಾದ ಇನ್ನೊಂದು ತುದಿ ಇದ್ದಲ್ಲಿಯೇ ಇರುತ್ತದೆ. ಪಟ್ಟಾಗಳಿಗೆ ಒಂದೊಂದು ಎಲೆಯನ್ನು ಹೆಚ್ಚಾಗಿ ಸೇರಿಸಿ ಇನ್ನೊಂದು ಅಂಗುಲವನ್ನು ಗಳಿಸಿದೆನು. ಒಟ್ಟು 2 ಅಂಗುಲ. ಆಗ ಹದಿಮೂರು ವರ್ಷದವಳಾಗಿದ್ದ ನನ್ನ ಮಗಳು ಭಾನುವಾರಗಳಂದು ಗಾಡಿಯ ಕೆಳಗೆ ನನ್ನ ಪಕ್ಕದಲ್ಲಿ ಮಲಗಿ ಟಾರ್ಚು ಹಿಡಿಯುವಳು. ಯಾವ ತಿರುಪಿಗೆ ಯಾವ ಸ್ಪ್ಯಾನರೆಂಬುದನ್ನು ನನಗಿಂತ ಬೇಗ ಕಲಿತಳು. ಮುಂದಿನ ಚಕ್ರವನ್ನು ಜಾಕಿನ ಮೇಲೆ ಎತ್ತಿ ತೂಗಾಡಲು ಬಿಟ್ಟಿದ್ದಾಗ ಒಂದು ದಿನ ಕೇಳಿದಳು: "ಅಪ್ಪ, ಈ ರಬ್ಬರು ಕೊಳವೆ ಇಷ್ಟು ಬಿಗಿಯಾಗಿದೆಯಲ್ಲ, ಹೀಗೆಯೇ ಇರಬೇಕೆ?"

ಅದು ಬ್ರೇಕಿನ ಎಣ್ಣೆಯನ್ನು ಚೌಕಟ್ಟಿನಿಂದ ಚಕ್ರಕ್ಕೆ ಒಯ್ಯುವ ಕೊಳವೆ. ಗಾಡಿಯನ್ನು 2 ಅಂಗುಲ ಎತ್ತಿದ ಮೇಲೆ ಚೌಕಟ್ಟಿಗೂ ಚಕ್ರಕ್ಕೂ ಇರುವ ದೂರವೂ ಅಷ್ಟೇ ಹೆಚ್ಚಿತು; ಕೊಳವೆ ಮಾತ್ರ 1998ರ ಅಳತೆಯಲ್ಲಿಯೇ ಉಳಿಯಿತು. ಗಣಿತದ ಮೇಷ್ಟರಿಗೆ ಇದು ಹೊಳೆಯಬೇಕಾಗಿತ್ತು. "ನೆಲದ ಮೇಲೆ ಇಳಿಸಿದರೆ ಸಡಿಲವಾಗುತ್ತದಮ್ಮ" ಎಂದೆನು. ಇಳಿಸಿದಾಗ ಸಡಿಲವಾಯಿತು. ನನ್ನ ಮಾತು ಸರಿಯಾಯಿತೆಂದು ನನಗೆ ಸಂತೋಷವೂ ಆಯಿತು.

ಇನ್ನು ಟೈರುಗಳ ವಿಚಾರ. ಮೊದಲಿದ್ದ 205/70 ಆರ್ 15 ಅಳತೆಯ ಟೈರಿನ ವ್ಯಾಸ 668 ಮಿಲಿಮೀಟರು. ನಾನು ತಂದದ್ದು 235/75 ಆರ್ 15. ಅದರ ವ್ಯಾಸ ಸುಮಾರು 734. ವ್ಯಾಸ 66 ಹೆಚ್ಚಿದರೂ ಹೊಟ್ಟೆಯ ಕೆಳಗಿನ ತೆರಪು ಹೆಚ್ಚುವುದು ಅದರ ಅರ್ಧ, 33 ಮಿಲಿಮೀಟರು ಮಾತ್ರ. ಈ 33 ಮಿಲಿಮೀಟರಿಗಾಗಿ 40,000 ರೂಪಾಯಿಗೆ ಹತ್ತಿರ ಕೊಟ್ಟೆನು. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆಯಾದ್ದರಿಂದ ಮುಳ್ಳು 60 ತೋರಿಸುವಾಗ ಗಾಡಿ ನಿಜವಾಗಿ 66ರ ವೇಗದಲ್ಲಿ ಓಡತೊಡಗಿತು. ಏರಿನಲ್ಲಿ ಎಂಜಿನ್ನು ಉಬ್ಬಸದವರಂತೆ ಏದುಸಿರು ಬಿಟ್ಟಿತು. ಉದ್ದದ ಶ್ಯಾಕಲುಗಳಿಂದ ಮುಂದಿನ ಅಚ್ಚಿನ ಓರೆ ಕೆಟ್ಟು, ಸ್ಟೀರಿಂಗು ತಾನಾಗಿ ನೇರಕ್ಕೆ ಬರುವ ಗುಣವನ್ನು ಬಿಟ್ಟಿತು; ಹೆದ್ದಾರಿಯಲ್ಲಿ ಗಾಡಿ ಜಾತ್ರೆಗೆ ಬಂದವರಂತೆ ಅತ್ತಿತ್ತ ನೋಡಿಕೊಂಡು ಹೋಗುವುದು. ಅದಕ್ಕೆ ಅಚ್ಚಿನ ಕೆಳಗೆ ಓರೆ ತುಂಡುಗಳನ್ನು ಸೇರಿಸಿದೆನು. ಒಂದು ರೋಗಕ್ಕೆ ಕೊಟ್ಟ ಔಷಧದಿಂದ ಇನ್ನೊಂದು ರೋಗ, ಅದಕ್ಕೆ ಮತ್ತೊಂದು ಔಷಧ. ಈ ಸರಪಣಿಯನ್ನು ಬಲ್ಲ ಗೃಹಸ್ಥರಿಗೆ ನಾನು ಹೆಚ್ಚಾಗಿ ಹೇಳಬೇಕಾದ್ದಿಲ್ಲ.

ಇಷ್ಟರಲ್ಲಿ ಒಂದು ಒಳ್ಳೆಯ ಕೆಲಸವನ್ನೂ ಮಾಡಿದೆನೆಂದು ಹೇಳಿಕೊಳ್ಳಬೇಕು. ಅಚ್ಚಿನ ನಡುವೆ ಹಲ್ಲುಚಕ್ರಗಳಿರುವ ಗುಂಡಾದ ಪೆಟ್ಟಿಗೆ ಉಂಟು. ಅದಕ್ಕೆ ಉಸಿರಾಡಲು ಒಂದು ಸಣ್ಣ ರಂಧ್ರ. ಗಾಡಿ ಓಡಿ ಪೆಟ್ಟಿಗೆ ಬಿಸಿಯಾಗಿರುವಾಗ ಹಳ್ಳದ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಆ ರಂಧ್ರದ ಮೂಲಕವೋ ಹಳೆಯ ಸೀಲುಗಳ ಮೂಲಕವೋ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ಗಾಡಿಯ ಹಿಂದಿನ ಪೆಟ್ಟಿಗೆಯ ಬಿರಡೆಯನ್ನು ಬಿಚ್ಚಿದಾಗ ಹೊರಬಂದ ಎಣ್ಣೆ ನಮ್ಮ ಕಡೆಯ ಹೋಟಲಿನ ಕಾಫಿಯ ಬಣ್ಣದ್ದಾಗಿತ್ತು, ಹಾಲು ಸ್ವಲ್ಪ ಹೆಚ್ಚಾದದ್ದು. ಎಣ್ಣೆಯನ್ನು ಬದಲಿಸಿ, ಆ ರಂಧ್ರಗಳಿಗೆ ರಬ್ಬರು ನಳಿಗೆಯನ್ನು ಸಿಕ್ಕಿಸಿ ಎಂಜಿನ್ನಿನ ಎತ್ತರಕ್ಕೆ ಒಯ್ದು ಕಟ್ಟಿದೆನು. ಖರ್ಚು 200 ರೂಪಾಯಿಗೂ ಕಡಮೆ. ಇದನ್ನು ನೋಡಿ ಮೆಚ್ಚುವವರು ಯಾರೂ ಇರಲಿಲ್ಲ, ಏಕೆಂದರೆ ಇದು ಕಾಣುವುದೇ ಇಲ್ಲ. ಎಲ್ಲರೂ ಮೆಚ್ಚಿದ್ದು ಟೈರುಗಳನ್ನು, ಮತ್ತು ಮಾಡಿನ ಮೇಲೆ ನಾನು ಕೂರಿಸಿದ ಕಬ್ಬಿಣದ ಅಟ್ಟಣೆಯನ್ನು.

ಒಂದು ವರ್ಷ ಎಲ್ಲವೂ ಸುಗಮವಾಗಿ ನಡೆಯಿತು. ಗಾಡಿ ಕೊರಕಲುಗಳನ್ನು ದಾಟಿ ಮನೆಯ ಅಂಗಳಕ್ಕೆ ಹತ್ತಿದಾಗಲೆಲ್ಲ ತಾಯಿ ಹೊರಗೆ ಬಂದು, "ಹತ್ತುವುದಕ್ಕೆ ಏಣಿ ಬೇಕಲ್ಲೋ" ಎನ್ನುವರು. 2022ರ ಭೀಮನ ಅಮಾವಾಸ್ಯೆಗೆ ನಾವು ಮೂವರೂ ಊರಿಗೆ ಹೋದೆವು. ಮನೆಯಾಕೆ ಪದ್ಧತಿಯ ಪ್ರಕಾರ ದೀಪದ ಕಂಬಗಳನ್ನಿಟ್ಟು ಪೂಜಿಸಿ, ಗಂಡನ ಆಯುಸ್ಸಿಗಾಗಿ ಕಂಕಣ ಕಟ್ಟಿಸಿಕೊಂಡು, ನನ್ನ ಕಾಲಿಗೆ ನೀರು ಹಾಕಿದಳು. ಮರುದಿನ ಬೆಳಿಗ್ಗೆ ಆ ಕಂಕಣ ಇನ್ನೂ ಆಕೆಯ ಕೈಯಲ್ಲಿಯೇ ಇತ್ತು. ನಾವು ಹೊರಟೆವು. ಜಡಿಮಳೆ. ಮಾಡಿನ ಅಟ್ಟಣೆಯ ಮೇಲೆ ಎರಡು ಮೂಟೆ ಬಾಳೆಕಾಯಿ ಮತ್ತು ತಾಯಿ ಕೊಟ್ಟ ಹಲಸಿನ ಹಪ್ಪಳದ ಡಬ್ಬ. ಬಂದ ದಾರಿಯೇ ಅಲ್ಲವೆಂದು ಹಿಂದಿನ ಎರಡು ಚಕ್ರಗಳ ಎಳೆತದಲ್ಲಿಯೇ, ಎರಡನೆಯ ಗೇರಿನಲ್ಲಿ, ಸ್ವಲ್ಪ ಠೀವಿಯಿಂದಲೇ ಇಳಿಯುತ್ತಿದ್ದೆನು. ಮೂರನೆಯ ತಿರುವಿನ ಕೊರಕಲಿನಲ್ಲಿ ಬಲಗಡೆಯ ಮುಂದಿನ ಚಕ್ರ ಜೋತುಬಿದ್ದು ಮೇಲೆದ್ದಿತು. ಮುಂದೆ ಇಳಿಜಾರು. ಬ್ರೇಕನ್ನು ಮೆಟ್ಟಿದೆನು. ಕಾಲು ನೆಲದವರೆಗೆ ಹೋಯಿತು.

ಮತ್ತೆ ಮತ್ತೆ ಮೆಟ್ಟಿದಾಗ ಏನೋ ಒಂದಿಷ್ಟು ಹಿಡಿಯಿತು. ಆದರೆ ಗಾಡಿ ಮಾತನ್ನು ಕೇಳುವ ವೇಗದಲ್ಲಿರಲಿಲ್ಲ. ಬಲಕ್ಕೆ ನಲವತ್ತು ಅಡಿ ಕೆಳಗೆ ತೋಟ, ಎಡಕ್ಕೆ ದರೆ. ಎಡಕ್ಕೆ ತಿರುಗಿಸಿದೆನು. ಎಡದ ಚಕ್ರಗಳು ದರೆಯನ್ನು ಹತ್ತಿದವು. ಗಾಡಿ ಬಲಕ್ಕೆ, ಕಣಿವೆಯ ಕಡೆಗೆ, ವಾಲತೊಡಗಿತು. ಮೇಲಿನ ಮೂಟೆಗಳು ಸರಿದ ಸದ್ದು ಕೇಳಿಸಿತು. ಎಷ್ಟು ಹೊತ್ತು ಹಾಗಿದ್ದೆವೋ! ಎಂಜಿನ್ನು ನಿಂತಿತು. ಗಾಡಿ ಯೋಚಿಸುತ್ತಿರುವಂತೆ ತೋರಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರಿ, ದರೆಗೆ ಮೈಯನ್ನು ಆನಿಸಿ ನಿಂತಿತು.

ಆಮೇಲೆ ಒಂದು ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆನು. ಎರಡು ಚಕ್ರಗಳ ನಡುವಣ ಅಗಲ ಸುಮಾರು 130 ಸೆಂಟಿಮೀಟರು. ಅದರ ಅರ್ಧ 65. ಭಾರದ ಕೇಂದ್ರ ನೆಲದಿಂದ 65 ಸೆಂಟಿಮೀಟರು ಎತ್ತರದಲ್ಲಿದೆ ಎಂದಿಟ್ಟುಕೊಂಡರೆ, ನಿಂತ ಗಾಡಿ 45 ಅಂಶ ಓರೆಯಾಗುವವರೆಗೆ ಉರುಳದು. ಅದನ್ನು 8 ಸೆಂಟಿಮೀಟರು ಎತ್ತಿದರೆ 42 ಅಂಶಕ್ಕೇ ಉರುಳುತ್ತದೆ. ಮಾಡಿನ ಮೇಲೆ ಎರಡು ಮೂಟೆ ಹೇರಿದರೆ ಇನ್ನೂ ಕಡಮೆ. ಓರೆಯಲ್ಲಿ ತಗ್ಗಿನ ಕಡೆಯ ಪಟ್ಟಾಗಳು ಕುಗ್ಗುವುದರಿಂದ ಮತ್ತೂ ಕಡಮೆ. ಹತ್ತನೆಯ ತರಗತಿಯ ಹುಡುಗನು ಮಾಡುವ ಲೆಕ್ಕ ಇದು.

ಮೊದಲು ಕೆಳಗಿಳಿದವಳು ಮನೆಯಾಕೆ. ಅಳಲಿಲ್ಲ, ಕೂಗಲಿಲ್ಲ. ದರೆಯಿಂದ ಕುಸಿದಿದ್ದ ಒಂದು ಕಲ್ಲನ್ನು ಎರಡು ಕೈಗಳಿಂದ ಎತ್ತಿ ತಂದು ಚಕ್ರದ ಮುಂದೆ ಇಟ್ಟಳು. ಎತ್ತಿನ ಗಾಡಿಗಳನ್ನು ಕಂಡು ಬೆಳೆದ ಊರಿನ ಹೆಣ್ಣುಮಗಳು ಆಕೆ. ನಾನು ಕೆಳಗೆ ಬಗ್ಗಿ ನೋಡಿದೆನು. ಬಲ ಮುಂದಿನ ಚಕ್ರದ ರಬ್ಬರು ಕೊಳವೆ ಕಬ್ಬಿಣದ ಕೊರಳಿನ ಬಳಿ ಸೀಳಿ ಎಣ್ಣೆ ಸುರಿದುಹೋಗಿತ್ತು. ಮಗಳು ನನ್ನ ಪಕ್ಕದಲ್ಲಿ ಕೆಸರಿನಲ್ಲಿ ಮೊಳಕಾಲೂರಿ ಅದನ್ನು ನೋಡಿದಳು. ಏನೂ ಹೇಳಲಿಲ್ಲ.

ಅಲ್ಲಿಯೇ ಬಿಟ್ಟುಬರುವ ಹಾಗೂ ಇರಲಿಲ್ಲ. ಮಳೆ ಹೆಚ್ಚಿದರೆ ದರೆಯೇ ಗಾಡಿಯ ಮೇಲೆ ಬೀಳುವ ಹಾಗಿತ್ತು. ಆಗ ತಂದೆಯವರ ಸಣ್ಣ ಗೇರು ನೆನಪಿಗೆ ಬಂದಿತು. ಮೂಟೆಗಳನ್ನು ಇಳಿಸಿದೆವು. ಮುಂದಿನ ಚಕ್ರಗಳ ಗುಂಬದ ಬೀಗಗಳನ್ನು ಕೈಯಿಂದ ತಿರುಗಿಸಿ ಬಿಗಿದು, ಚಿಕ್ಕ ಹಿಡಿಯನ್ನು ಕೊನೆಯ ಸ್ಥಾನಕ್ಕೆ ಎಳೆದು, ಮೊದಲನೆಯ ಗೇರಿಗೆ ಹಾಕಿದೆನು. ಹೀಗಿರುವಾಗ ಗಾಡಿ ಇಳಿಜಾರಿನಲ್ಲಿ ಓಡಬೇಕಾದರೆ ಎಂಜಿನ್ನನ್ನು ತಾನೇ ಬಹಳ ವೇಗವಾಗಿ ತಿರುಗಿಸಬೇಕು; ಎಂಜಿನ್ನು ಅದಕ್ಕೆ ಒಪ್ಪುವುದಿಲ್ಲ. ಆ ಒಪ್ಪದಿರುವಿಕೆಯೇ ಬ್ರೇಕು. ಕ್ಲಚ್ಚನ್ನು ಮಾತ್ರ ಮುಟ್ಟಕೂಡದು. ಮುಟ್ಟಿದರೆ ಆ ಹಿಡಿತ ತಪ್ಪಿ ಗಾಡಿ ಉರುಳುತ್ತದೆ. ಎಡಗಾಲನ್ನು ಸೀಟಿನ ಕೆಳಕ್ಕೆ ಮಡಿಸಿಟ್ಟುಕೊಂಡೆನು. ಮನೆಯಾಕೆಯೂ ಮಗಳೂ ಒಂದೊಂದು ಕಲ್ಲನ್ನು ಹಿಡಿದು ದರೆಯ ಪಕ್ಕದಲ್ಲಿ, ಗಾಡಿಗೆ ಎರಡು ಮಾರು ದೂರದಲ್ಲಿ ನಡೆದರು. ಗಾಡಿ ಅವರ ನಡಿಗೆಗಿಂತ ಮೆಲ್ಲಗೆ ಇಳಿಯಿತು. ಮಳೆಯಲ್ಲಿ ಸೀರೆಯನ್ನು ಎತ್ತಿ ಕಟ್ಟಿ, ಅರಿಸಿನದ ಕಂಕಣದ ಕೈಯಲ್ಲಿ ಕಲ್ಲನ್ನು ಹೊಟ್ಟೆಗೆ ಅವುಚಿಕೊಂಡು, ಚಕ್ರವನ್ನೇ ನೋಡುತ್ತ ನಡೆಯುತ್ತಿದ್ದ ಆಕೆಯ ಮುಖ ಕಿಟಕಿಯಲ್ಲಿ ಕಾಣುತ್ತಿತ್ತು. ಹಳ್ಳದ ಸಮತಟ್ಟಿಗೆ ಮುಟ್ಟುವುದಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು. ನಾನು ಸೇರಿಸಿದ ಒಂದು ವಸ್ತುವೂ ಆ ಇಪ್ಪತ್ತೈದು ನಿಮಿಷಗಳಲ್ಲಿ ಉಪಯೋಗಕ್ಕೆ ಬರಲಿಲ್ಲ.

ಅಣ್ಣನು ಪೇಟೆಯಿಂದ ಮೆಕ್ಯಾನಿಕ್ಕನನ್ನು ಮೋಟಾರು ಸೈಕಲ್ಲಿನಲ್ಲಿ ಕರೆತಂದನು. ಅವನು ಹೊಸ ಕೊಳವೆಯನ್ನು ಹಾಕಿ, ಎಣ್ಣೆ ತುಂಬಿ, ಗಾಳಿ ತೆಗೆದು, "ಎತ್ತರ ಮಾಡಿದ ಮೇಲೆ ಉದ್ದದ ಕೊಳವೆ ಹಾಕಬೇಕೆಂದು ಯಾರೂ ಹೇಳಲಿಲ್ಲವೆ ಸಾರ್?" ಎಂದು ಕೇಳಿದನು. ಮಗಳು ಹಳ್ಳದ ಕಡೆಗೆ ನೋಡುತ್ತ ನಿಂತಿದ್ದಳು. "ಹೇಳಿದ್ದರು" ಎಂದೆನು. ಆ ವಿಷಯವನ್ನು ಆಕೆ ಅಂದೂ ಎತ್ತಲಿಲ್ಲ, ಇಂದಿಗೂ ಎತ್ತಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಮನೆಯಾಕೆ ಹಾಸನವನ್ನು ಮುಟ್ಟುವವರೆಗೂ ಮಾತನಾಡಲಿಲ್ಲ. ಮನೆಯ ಬೀಗವನ್ನು ತೆಗೆಯುತ್ತ, "ಹಪ್ಪಳದ ಡಬ್ಬ ಅಲ್ಲಿಯೇ ಉಳಿಯಿತು" ಎಂದಳು.

ಮುಂದಿನ ಭಾನುವಾರದಿಂದ ಬಿಚ್ಚುವ ಕೆಲಸ. ಉದ್ದದ ಶ್ಯಾಕಲುಗಳು, ಹೆಚ್ಚಿನ ಎಲೆಗಳು, ಓರೆ ತುಂಡುಗಳು, ಮಾಡಿನ ಅಟ್ಟಣೆ, ಎಲ್ಲವೂ ಕೆಳಗಿಳಿದವು. ಸೇರಿಸುವುದಕ್ಕೆ ಮೂರು ತಿಂಗಳು, ಬಿಚ್ಚುವುದಕ್ಕೆ ಎರಡು ಭಾನುವಾರ. ದೊಡ್ಡ ಟೈರುಗಳನ್ನು ಅರ್ಧ ಬೆಲೆಗೆ ಮಾರಿ, ಮೊದಲಿನ ಅಳತೆಯಲ್ಲಿಯೇ ಒರಟು ಹಲ್ಲಿನವನ್ನು ಹಾಕಿಸಿದೆನು. ಕಾಯಿದೆಯ ಮಾತೂ ಆಗ ತಿಳಿಯಿತು: ತಯಾರಕರು ಗೊತ್ತುಮಾಡಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ಹೇಳುತ್ತದೆ, 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ಹದಿನೈದು ವರ್ಷ ದಾಟಿದ ಸ್ವಂತ ಗಾಡಿಯನ್ನು ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಡ್ಡಿ ನೋಂದಣಿಯನ್ನು ಹೊಸದು ಮಾಡಿಸಬೇಕು. ನಮ್ಮದರ ಸರದಿ 2023ರಲ್ಲಿ ಬಂದಿತು. ಪರೀಕ್ಷಕರು ಕೆಳಗೆ ಬಗ್ಗಿ ನೋಡಿ, ಬ್ರೇಕಿನ ಕೊಳವೆಗಳು ನಾಲ್ಕು ಕಡೆಯೂ ಹೊಸವಾಗಿರುವುದೇಕೆಂದು ವಿಚಾರಿಸಿದರು. ಹಳೆಯವಾಗಿದ್ದವೆಂದೆನು.

ಉಳಿಸಿಕೊಂಡದ್ದು ಕೆಲವೇ: ಹೊಸ ತಗಡಿನ ನೆಲ, ಉಸಿರಿನ ನಳಿಗೆಗಳು, ಚೌಕಟ್ಟಿಗೆ ಬಿಗಿದ ಎರಡು ಕೊಕ್ಕೆಗಳು, ಬಿಟ್ಟ ಗಾಳಿಯನ್ನು ಮತ್ತೆ ತುಂಬುವುದಕ್ಕೆ ಒಂದು ಚಿಕ್ಕ ಪಂಪು. ಇವುಗಳ ಜೊತೆಗೆ ಮನೆಯಾಕೆ ಬಡಗಿಯಿಂದ ಮಾಡಿಸಿದ, ಹಲಸಿನ ಮರದ ಒಂದು ಜೊತೆ ಅಡೆತುಂಡುಗಳು. ಅವುಗಳ ಸ್ಥಾನ ಆಕೆಯ ಸೀಟಿನ ಕೆಳಗೆ, ತಂದೆಯವರ ಗುದ್ದಲಿ ಅದರ ಹಿಂದೆ.

ಈ ವರ್ಷ ಮೇ ತಿಂಗಳಿನಲ್ಲಿ ನಾನೂ ಮಗಳೂ ಮಳೆಗೆ ಮುಂಚೆ ಹೋಗಿ, ಅಣ್ಣನನ್ನೂ ಎಬ್ಬಿಸಿಕೊಂಡು, ದಾರಿಯ ಅಡ್ಡ ಚರಂಡಿಗಳನ್ನು ಬಿಡಿಸಿದೆವು. ಮೂರು ದಿನ ಹಿಡಿಯಿತು, ಅಂಗೈಯಲ್ಲಿ ಬೊಬ್ಬೆಗಳೆದ್ದವು. ತಂದೆಯವರು ಒಟ್ಟು ಹನ್ನೊಂದನ್ನು ತೋಡಿಸುತ್ತಿದ್ದರೆಂದು ತಾಯಿ ಹೇಳುತ್ತಾರೆ. ನಮಗೆ ಸಿಕ್ಕಿದ್ದು ಏಳು. ಉಳಿದ ನಾಲ್ಕು ಎಲ್ಲಿದ್ದವೆಂಬುದು ಅಣ್ಣನಿಗೂ ನೆನಪಿಲ್ಲ. ಮಳೆ ಹಿಡಿದ ಮೇಲೆ ನೀರು ಎಲ್ಲಿ ನುಗ್ಗುತ್ತದೆಯೋ ನೋಡಿ ಗುರುತು ಹಾಕಿಡುವಂತೆ ಅವನಿಗೆ ಹೇಳಿ ಬಂದಿದ್ದೇವೆ.